ಟ್ಯೂಬ್ ಹಾಕುವಾಗ ಎನ್95 ಈಗಲೂ ಬೇಕಾ? ಅನಸ್ತೇಷಿಯಾದವರು ಎಂತ ಹೇಳುತ್ತೀರಿ?

ಗಾಳಿಪಟ ಉಡುಪಿ · ಶನಿವಾರ, ರಾತ್ರಿ 9.40

ನಾನು ಅರಿವಳಿಕೆ ವೈದ್ಯ. ಯಾವ ಆಸ್ಪತ್ರೆಯಲ್ಲೂ ಖಾಯಂ ಇಲ್ಲ. ಉಡುಪಿ, ಬ್ರಹ್ಮಾವರ, ಕಾರ್ಕಳ ಕಡೆಯ ನರ್ಸಿಂಗ್ ಹೋಮ್‌ಗಳಿಂದ ಫೋನ್ ಬಂದರೆ ಬ್ಯಾಗ್ ಎತ್ತಿಕೊಂಡು ಹೊರಡುವುದು, ಅಷ್ಟೇ.

ಈ ವಾರ ಒಂದು ಕಡೆ ಅಪೆಂಡಿಕ್ಸ್ ಕೇಸು. ಎನ್95 ಮಾಸ್ಕ್ ಹಾಕಿಕೊಂಡು, ರೋಗಿಯ ಶ್ವಾಸನಾಳಕ್ಕೆ ಉಸಿರಾಟದ ಟ್ಯೂಬ್ ಹಾಕಲು ನಿಂತೆ. ಸರ್ಜನ್ ನಕ್ಕರು. "ಎಂತ ಮಾರಾಯ್ರೆ, ನೀವಿನ್ನೂ ಕೊರೋನಾದಲ್ಲೇ ಇದ್ದೀರಾ?" ನಾನೂ ನಕ್ಕೆ. ಟ್ಯೂಬ್ ಸಲೀಸಾಗಿ ಹೋಯಿತು. ಮುಕ್ಕಾಲು ಗಂಟೆಯಲ್ಲಿ ಕೇಸು ಮುಗಿಯಿತು. ಟ್ಯೂಬ್ ತೆಗೆಯುವಾಗ ಹುಡುಗ ಐದಾರು ಸಲ ಜೋರಾಗಿ ಕೆಮ್ಮಿದ, ನೇರ ನನ್ನ ಮುಖಕ್ಕೆ. ಅಷ್ಟೊತ್ತಿಗೆ ಸೆಕೆ ತಡೆಯದೆ ಎನ್95 ಗಲ್ಲದ ಕೆಳಗೆ ಇಳಿದಿತ್ತು. ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಯಾವ ಹೊತ್ತಿಗೆ ಬೇಕಿತ್ತೋ ಆ ಹೊತ್ತಿಗೇ ಇರಲಿಲ್ಲ ಅಲ್ವಾ?

ಇಲ್ಲಿ ಅನಸ್ತೇಷಿಯಾದವರು ಒಂದಷ್ಟು ಜನ ಇದ್ದೀರಿ ಅಂತ ಗೊತ್ತು. ನೀವೆಲ್ಲ ಈಗ ಏನು ಮಾಡುತ್ತೀರಿ? ಎಲ್ಲ ಕೇಸಿಗೂ ಹಾಕುತ್ತೀರಾ? ಬರೀ ಟಿಬಿ, ಜ್ವರದ ಕೇಸಿಗಾ? ವಾಟ್ಸಪ್ ಫಾರ್ವರ್ಡ್ ಮಾತ್ರ ಬೇಡ, ದಯವಿಟ್ಟು.

ಸಕ್ಷನ್ ಆನ್ · ರಾತ್ರಿ 9.52

ನಾನು ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್. ಡಾಕ್ಟ್ರು ಮಾಸ್ಕ್ ಹಾಕಿದರೆ ನಾವೂ ಹಾಕುತ್ತೇವೆ. ಅವರು ಕೆಳಗಿಳಿಸಿದರೆ ನಾವೂ ಇಳಿಸುತ್ತೇವೆ. ನಿಯಮ ಅಂತ ಇರುವುದು ಇಷ್ಟೇ.

ಹಳೇ ಬಾಯ್ಲ್ · ರಾತ್ರಿ 10.25

ಮೂವತ್ತು ವರ್ಷ ಬಾಯ್ಲ್ಸ್ ಮಷಿನ್ (ಅರಿವಳಿಕೆ ಕೊಡುವ ಯಂತ್ರ) ಹಿಂದೆ ಕೂತವನು ನಾನು, ಮಂಗಳೂರಿನಲ್ಲಿ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಟ್ಯೂಬ್ ಹಾಕುವಾಗ ರೋಗ ಹತ್ತುತ್ತದೆ ಅನ್ನುವ ಈ ಹೆದರಿಕೆ ಎಲ್ಲಿಂದ ಶುರುವಾಯಿತು ಅಂತ ಮೊದಲು ನೋಡಿ. 2003ರಲ್ಲಿ ಸಾರ್ಸ್ (ಕೊರೋನಾ ಜಾತಿಯದೇ ಉಸಿರಿನ ರೋಗ) ಬಂದಾಗ ಟೊರಾಂಟೊದಂಥ ಕಡೆ ಆಸ್ಪತ್ರೆ ಸಿಬ್ಬಂದಿಗೇ ರೋಗ ಹತ್ತಿತು. ಟ್ಯೂಬ್ ಹಾಕುವಾಗ ಹತ್ತಿರ ಇದ್ದವರಿಗೆ ಜಾಸ್ತಿ ಬಂದಂತೆ ಕಂಡಿತು. 2012ರಲ್ಲಿ ಆ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ಒಂದು ವಿಮರ್ಶೆ ಬಂತು. ಟ್ಯೂಬ್ ಹಾಕುವ ಕೆಲಸದಲ್ಲಿ ಇದ್ದವರಿಗೆ ಸೋಂಕಿನ ಸಾಧ್ಯತೆ ಸುಮಾರು 6.6 ಪಟ್ಟು ಎಂದಿತು. ಆ 6.6 ಎಂಬ ಅಂಕಿಯೇ ಮುಂದೆ ಲೋಕವನ್ನೆಲ್ಲ ಆಳಿತು. ಆದರೆ ಅದರಲ್ಲಿದ್ದವು ಹತ್ತೇ ಅಧ್ಯಯನ. ಎಲ್ಲವೂ ಸಾರ್ಸ್‌ನವು, ಎಲ್ಲವೂ ಆದ ಮೇಲೆ ಹಿಂತಿರುಗಿ ನೋಡಿ ಬರೆದವು. ಸಾಕ್ಷ್ಯ ದುರ್ಬಲ ಅಂತ ಅದನ್ನು ಬರೆದವರೇ ಹೇಳಿದ್ದರು. ಆ ಸಾಲನ್ನು ಯಾರೂ ಓದಲಿಲ್ಲ.

ಟ್ಯೂಬ್ ಹಾಕುವಾಗ ಗಾಳಿಯಲ್ಲಿ ನಿಜಕ್ಕೂ ಏನು ಹಾರುತ್ತದೆ ಅಂತ ಅಲ್ಲಿವರೆಗೆ ಯಾರೂ ಸರಿಯಾಗಿ ಅಳೆದಿರಲಿಲ್ಲ. 2020ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನವರು ಅಳೆದರು. ತುಂಬ ಶುದ್ಧ ಗಾಳಿಯ ಓಟಿಯಲ್ಲಿ, ರೋಗಿ ಮತ್ತು ಅರಿವಳಿಕೆ ವೈದ್ಯರ ನಡುವೆ ಕಣ ಎಣಿಸುವ ಯಂತ್ರ ಇಟ್ಟರು. ಬೇಕೆಂದೇ ಒಮ್ಮೆ ಕೆಮ್ಮಿದರೆ ಲೀಟರ್ ಗಾಳಿಗೆ ಸರಾಸರಿ 732 ಕಣ. ರೋಗಿಯ ಮುಖಕ್ಕೆ ಗಾಳಿ ಕೊಡುವ ಮಾಸ್ಕ್ ಹಿಡಿದು ಬ್ಯಾಗ್ ಒತ್ತಿ ಟ್ಯೂಬ್ ಹಾಕುವಾಗ 1.4. ಟ್ಯೂಬ್ ತೆಗೆಯುವಾಗ 21. ಅಂದರೆ ಹಾಕುವುದಕ್ಕಿಂತ ತೆಗೆಯುವುದು 15 ಪಟ್ಟು ಜಾಸ್ತಿ. ಆದರೂ ಒಂದು ಸಾದಾ ಕೆಮ್ಮಿನ 35ರಲ್ಲಿ ಒಂದು ಪಾಲು!

ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ನಾವು ಟ್ಯೂಬ್ ಹಾಕುವುದು ಯಾರಿಗೆ? ನಿದ್ದೆ ಹೋದವನಿಗೆ. ಸ್ನಾಯು ಸಡಿಲಿಸುವ ಔಷಧಿ ಕೊಟ್ಟವನಿಗೆ. ಅವನು ಕೆಮ್ಮುವುದಿಲ್ಲ, ಮಾತಾಡುವುದಿಲ್ಲ, ಉಸಿರನ್ನೇ ಎಳೆಯುವುದಿಲ್ಲ. ಆ ಒಂದು ನಿಮಿಷ ಇಡೀ ಕಟ್ಟಡದಲ್ಲೇ ಅತ್ಯಂತ ಸುಮ್ಮನಿರುವ ಬಾಯಿ ಅದು. ನಾವು ಹೆದರಿದ್ದು ಅದಕ್ಕೆ.

ಗಾಳಿಪಟದವರೇ, ನಿಮ್ಮ ಎನ್95 ಹಾಕಿದ ಹೊತ್ತೂ ತೆಗೆದ ಹೊತ್ತೂ ಅದಲುಬದಲಾಯಿತು, ಅಷ್ಟೇ. ಬೇಸರ ಬೇಡ. ನಾವೆಲ್ಲ ಅದನ್ನೇ ಮಾಡಿದ್ದೇವೆ.

ಎರಡನೇ ವರ್ಷದ ಪಿಜಿ · ರಾತ್ರಿ 10.41

ಸರ್, ಗೌರವದಿಂದಲೇ ಒಪ್ಪುವುದಿಲ್ಲ.

ಬ್ರಿಸ್ಟಲ್‌ನವರು ಟ್ಯೂಬ್ ಹಾಕಿದ್ದನ್ನು ಅಳೆದದ್ದು 14 ಸಲ, ತೆಗೆದದ್ದನ್ನು 10 ಸಲ. ಅದೂ ಎಲ್ಲ ಸಜ್ಜಾದ ಓಟಿಯಲ್ಲಿ, ಹದವಾಗಿ ಅರಿವಳಿಕೆ ಕೊಟ್ಟವರಲ್ಲಿ. ನಮ್ಮ ಎಮರ್ಜೆನ್ಸಿಯಲ್ಲಿ ರಾತ್ರಿ ಎರಡಕ್ಕೆ ಬರುವವರು ಹಾಗಿರುವುದಿಲ್ಲ. ಉಸಿರಿಗಾಗಿ ಒದ್ದಾಡುತ್ತಿರುತ್ತಾರೆ, ಔಷಧಿ ಪೂರ್ತಿ ಹಿಡಿಯುವ ಮೊದಲೇ ಕೆಮ್ಮುತ್ತಾರೆ, ಗಡ್ಡ ಇರುವುದರಿಂದ ಮಾಸ್ಕ್ ಬದಿಯಲ್ಲಿ ಬುಸ್ ಅಂತ ಗಾಳಿ ಬಿಡುತ್ತದೆ. ಮೆಲ್ಬರ್ನ್‌ನವರು ಅಳೆದಾಗ ಫೇಸ್‌ಮಾಸ್ಕ್‌ನಿಂದ ಗಾಳಿ ಕೊಡುವ ಹೊತ್ತಿಗೆ ಕಣಗಳು ಚೆನ್ನಾಗಿಯೇ ಏರಿದ್ದವು. ಅದನ್ನು ಯಾಕೆ ಹೇಳುವುದಿಲ್ಲ?

ಇನ್ನೊಂದು ವಿಷಯ. ಕಣ ಎಣಿಸಿದರೆ ಸೋಂಕು ಎಣಿಸಿದಂತೆ ಆಗುವುದಿಲ್ಲ. 17 ದೇಶಗಳಲ್ಲಿ ಕೋವಿಡ್ ರೋಗಿಗಳಿಗೆ ಟ್ಯೂಬ್ ಹಾಕಿದ 1,718 ಜನರನ್ನು ಹಿಂಬಾಲಿಸಿ ನೋಡಿದ ಅಧ್ಯಯನ 2020ರಲ್ಲೇ ಬಂತು. ಅವರಲ್ಲಿ 10.7 ಶೇಕಡಾ ಜನ ಮುಂದೆ ಪಾಸಿಟಿವ್ ಆದರು, ಇಲ್ಲವೇ ಲಕ್ಷಣ ಬಂದು ಮನೆಯಲ್ಲಿ ಉಳಿದರು ಅಥವಾ ಆಸ್ಪತ್ರೆ ಸೇರಿದರು. ಹತ್ತರಲ್ಲಿ ಒಬ್ಬರು ಸರ್. ಆ ಹತ್ತರಲ್ಲಿ ನಾನೂ ಒಬ್ಬ ಆಗಬಹುದಲ್ವಾ?

ಹಳೇ ಬಾಯ್ಲ್ · ರಾತ್ರಿ 11.02

ಭೇಷ್. ನನ್ನ ಪಿಜಿ ವಿದ್ಯಾರ್ಥಿ ಆಗಿದ್ದರೆ ನಾಳೆ ಸೆಮಿನಾರ್ ನಿಮಗೇ ಕೊಡುತ್ತಿದ್ದೆ.

ಮೆಲ್ಬರ್ನ್ ಮಾತು ಸರಿ. ನಾನು ಬಿಟ್ಟದ್ದು ತಪ್ಪು. ಅಳೆಯುವ ಯಂತ್ರ, ಓಟಿಯ ಗಾಳಿ, ಯಾವ ಗಾತ್ರದ ಕಣ ಎಣಿಸುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಮಾಸ್ಕ್ ಸೋರಿದರೆ ಕಥೆಯೇ ಬೇರೆ, ಅದನ್ನೂ ಒಪ್ಪಿದೆ.

ಆದರೆ ಆ 10.7ನ್ನು ಇನ್ನೊಮ್ಮೆ ಓದಿ. ಲ್ಯಾಬಿನಲ್ಲಿ ಖಾತ್ರಿ ಆದವರು 3.1 ಶೇಕಡಾ ಮಾತ್ರ. ಮತ್ತೆ ಅವರಿಗೆ ರೋಗ ಬಂದದ್ದು ಟ್ಯೂಬ್ ಹಾಕುವಾಗಲೋ, ವಾರ್ಡ್ ರೌಂಡಿನಲ್ಲೋ, ಕ್ಯಾಂಟೀನಿನಲ್ಲೋ, ಮನೆಯಲ್ಲೋ ಅಂತ ಆ ಅಧ್ಯಯನ ಬೇರ್ಪಡಿಸಲು ಸಾಧ್ಯವೇ ಇರಲಿಲ್ಲ. ಟ್ಯೂಬ್ ಹಾಕದವರ ಜೊತೆ ಹೋಲಿಕೆಯೂ ಇಲ್ಲ.

ಹೋಲಿಕೆ ಬೇಕಾದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ. 2020ರ ಏಪ್ರಿಲ್ ಕೊನೆಗೆ ಅಲ್ಲಿ ಆಸ್ಪತ್ರೆ ಸಿಬ್ಬಂದಿಯ ರಕ್ತ ಪರೀಕ್ಷೆ ಮಾಡಿದರು. ಕ್ಲೀನಿಂಗ್‌ನವರಲ್ಲಿ 34.5 ಶೇಕಡಾ ಜನರಿಗೆ ಕೋವಿಡ್ ಬಂದು ಹೋಗಿತ್ತು. ಐಸಿಯುನವರಲ್ಲಿ 14.8. ದಿನವಿಡೀ ಟ್ಯೂಬು, ಸಕ್ಷನ್ನು (ಕಫ ಹೀರಿ ತೆಗೆಯುವುದು), ವೆಂಟಿಲೇಟರ್ ಜೊತೆ ಇದ್ದವರಿಗಿಂತ ನೆಲ ಒರೆಸಿದವರಿಗೆ ಎರಡು ಪಟ್ಟು ಜಾಸ್ತಿ! ಅದೇ ತಿಂಗಳು ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯಲ್ಲಿ ಕೋವಿಡ್‌ನಿಂದ ಸತ್ತ 106 ಸಿಬ್ಬಂದಿಯ ವಿವರ ಪರಿಶೀಲಿಸಿದಾಗ ಅರಿವಳಿಕೆ ವೈದ್ಯರು, ಐಸಿಯು ವೈದ್ಯರು ಒಬ್ಬರೂ ಇರಲಿಲ್ಲ.

ಐಸಿಯುನವರು ಒಳ್ಳೆಯ ಮಾಸ್ಕ್ ಹಾಕಿದ್ದರು, ಅದೊಂದು ಕಾರಣ. ಇನ್ನೊಂದೂ ಉಂಟು. ಕೋವಿಡ್‌ನಲ್ಲಿ ವೈರಸ್ ಜಾಸ್ತಿ ಹೊರಬೀಳುವುದು ಮೊದಲ ದಿನಗಳಲ್ಲಿ. ವೆಂಟಿಲೇಟರ್‌ಗೆ ಬರುವಷ್ಟರಲ್ಲಿ ವಾರ ದಾಟಿರುತ್ತದೆ. ರೋಗಿ ಜೋರಾಗಿ ಹಂಚುವ ದಿನಗಳಲ್ಲಿ ಜನರಲ್ ವಾರ್ಡಿನಲ್ಲೇ ಕೆಮ್ಮುತ್ತಾ ಕೂತಿರುತ್ತಾನೆ. ಅಲ್ಲಿ ಆಯಾಮ್ಮನಿಗೆ ಕೊಟ್ಟದ್ದು ಎಂಥ ಮಾಸ್ಕ್?

ನೈಟ್ ಡ್ಯೂಟಿ ಅಕ್ಕ · ರಾತ್ರಿ 11.30

ಬಟ್ಟೆಯದ್ದು ಸರ್. ನಾನು ಹೇಳುತ್ತೇನೆ.

2021ರಲ್ಲಿ ಒಂದು ಕೋವಿಡ್ ಐಸಿಯುನಲ್ಲಿ ಡ್ಯೂಟಿ. ಯಾವ ಆಸ್ಪತ್ರೆ ಅಂತ ಬೇಡ. ಒಳಗೆ ಹೋಗುವ ನಮಗೆ ಪಿಪಿಇ ಕಿಟ್, ಎನ್95, ಮುಖಕ್ಕೆ ಶೀಲ್ಡ್, ಎರಡೆರಡು ಗ್ಲೌಸ್. ಮೇ ತಿಂಗಳ ಸೆಕೆಯಲ್ಲಿ ಕಿಟ್ ಬಿಚ್ಚುವಾಗ ಶೂ ಒಳಗೆ ಬೆವರು ನಿಂತಿರುತ್ತಿತ್ತು. ಸಕ್ಷನ್ ಬಾಟಲಿ ಹೊರಗೆ ಒಯ್ದು ಚೆಲ್ಲಿ ತೊಳೆಯುವ ಆಯಾಮ್ಮನಿಗೆ ಮಾತ್ರ ಬಟ್ಟೆ ಮಾಸ್ಕ್. ಕೇಳಿದರೆ "ಅವರು ಟ್ಯೂಬ್ ಹಾಕುವುದಿಲ್ಲವಲ್ಲ" ಅಂದರು. ಎನ್95 ಕೊಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಅವರ ಕೆಲಸದ ಹೆಸರೇ ಇರಲಿಲ್ಲ.

ನಮ್ಮ ಬ್ಯಾಚಿನಲ್ಲಿ ಏಳು ಜನರಿಗೆ ಬಂತು. ನನಗೂ ಬಂತು. ನಾನು ನೂರಾರು ಸಲ ಸಕ್ಷನ್ ಮಾಡಿದ್ದೇನೆ, ಆಗ ಬರಲಿಲ್ಲ. ಡ್ಯೂಟಿ ಮುಗಿಸಿ ಪ್ಯಾಂಟ್ರಿಯಲ್ಲಿ ಆರು ಜನ ಮಾಸ್ಕ್ ತೆಗೆದು ಟೀ ಕುಡಿಯುತ್ತಿದ್ದೆವು. ಕಿಟಕಿ ಇಲ್ಲದ, ಆರಡಿ ಅಗಲದ ಗೂಡು ಅದು. ಅಲ್ಲಿಂದಲೇ ಬಂದದ್ದು ಅಂತ ನನಗೆ ಖಾತ್ರಿ. ಪ್ರೂಫ್ ಕೇಳಬೇಡಿ. ಒಟ್ಟಿಗೆ ಟೀ ಕುಡಿದ ಆರರಲ್ಲಿ ಐದು ಜನರಿಗೆ ಮೂರು ದಿನದೊಳಗೆ ಜ್ವರ ಬಂತು.

ಸಕ್ಷನ್ ಆನ್ · ರಾತ್ರಿ 11.34

ಅಕ್ಕ, ನಮ್ಮಲ್ಲಿ ಇವತ್ತಿಗೂ ಟೀ ಫ್ಲಾಸ್ಕ್ ಇರುವುದು ರಿಕವರಿ ರೂಮಿನ (ಆಪರೇಷನ್ ಆದವರನ್ನು ಮಲಗಿಸುವ ಕೋಣೆ) ಮೂಲೆಯಲ್ಲಿ.

ಎರಡನೇ ವರ್ಷದ ಪಿಜಿ · ರಾತ್ರಿ 11.50

ಅಕ್ಕನ ಮಾತು ಕೇಳಿದ ಮೇಲೆ ವಾದ ಮಾಡುವ ಮನಸ್ಸಿಲ್ಲ. ಆದರೂ ಕೇಳುತ್ತೇನೆ. ಹಾಗಾದರೆ ಟ್ಯೂಬ್ ಹಾಕುವಾಗ ಸರ್ಜಿಕಲ್ ಮಾಸ್ಕ್ ಸಾಕು ಅಂತಲಾ ಸರ್?

ಹಳೇ ಬಾಯ್ಲ್ · ಭಾನುವಾರ, ಬೆಳಿಗ್ಗೆ 6.15

ಅಲ್ಲ. ನಾನು ಹೇಳಿದ್ದು "ಹೆದರಬೇಡಿ" ಅಂತಲ್ಲ, "ತಪ್ಪು ಬಾಗಿಲು ಕಾಯಬೇಡಿ" ಅಂತ.

ಕೆಲಸದ ಹೆಸರು ನೋಡಿ ಮಾಸ್ಕ್ ಹಾಕುವುದು ಬೇಡ. ರೋಗಿ ಯಾರು, ಕೋಣೆ ಯಾವುದು, ಎಷ್ಟು ಹೊತ್ತು, ಎಷ್ಟು ಹತ್ತಿರ ಅಂತ ನೋಡಿ ಹಾಕಿ. ಕಫದಲ್ಲಿ ಟಿಬಿ ಇರುವವನಿಗೆ ಟ್ಯೂಬ್ ಹಾಕದೆ ಬೆನ್ನಿಗೆ ಸ್ಪೈನಲ್ (ಸೊಂಟದ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟರೂ ಎನ್95 ಬೇಕು. ಅವನು ಎರಡು ಗಂಟೆ ಎಚ್ಚರವಾಗಿದ್ದು ಕೆಮ್ಮುತ್ತಾ ಮಲಗಿರುತ್ತಾನೆ. ಕೆಮ್ಮು, ಜ್ವರ ಯಾವುದೂ ಇಲ್ಲದ ಹುಡುಗಿಗೆ ಥೈರಾಯ್ಡ್ ಆಪರೇಷನ್ ಅಂದರೆ ನಾನು ಸಾದಾ ಮಾಸ್ಕ್‌ನಲ್ಲೇ ಟ್ಯೂಬ್ ಹಾಕುತ್ತೇನೆ. ಇಂಗ್ಲೆಂಡಿನವರೂ 2022ರಲ್ಲಿ ಗಾಳಿಗೆ ಹನಿ ಹಾರಿಸುವ ಕೆಲಸಗಳ ಪಟ್ಟಿಯಿಂದ ಟ್ಯೂಬ್ ಹಾಕುವುದನ್ನು ತೆಗೆದುಹಾಕಿದರು. ಎಚ್ಚರ ಇರುವವರಿಗೆ ಮಾಡುವ ಬ್ರಾಂಕೋಸ್ಕೋಪಿ (ಶ್ವಾಸನಾಳಕ್ಕೆ ಕ್ಯಾಮೆರಾ ಇಳಿಸುವುದು), ಟ್ರೆಕಿಯಾಸ್ಟಮಿ (ಉಸಿರಿಗೆ ಕತ್ತಿನಲ್ಲಿ ತೂತು ಮಾಡುವುದು), ಗಂಟಲಿನಿಂದ ಕೆಳಗಿನ ಸಕ್ಷನ್, ಹಲ್ಲಿನ ಹೈ ಸ್ಪೀಡ್ ಡ್ರಿಲ್ ಉಳಿಸಿಕೊಂಡರು.

ಟ್ಯೂಬ್ ತೆಗೆಯುವಾಗ ಮಾತ್ರ ನಾನು ಮೊದಲಿಗಿಂತ ಹುಷಾರು. ಆ ಹೊತ್ತಿಗೆ ತಲೆಯ ಹತ್ತಿರ ಇಬ್ಬರಿಗಿಂತ ಜಾಸ್ತಿ ಬೇಡ. ಕೆಮ್ಮು ಕಡಿಮೆ ಆಗಲಿ ಅಂತ ತೆಗೆಯುವ ಮೊದಲು ರಕ್ತನಾಳಕ್ಕೆ ಸ್ವಲ್ಪ ಲಿಗ್ನೋಕೇನ್. ಟ್ಯೂಬ್ ಹೊರಗೆ ಬಂದ ಕೂಡಲೇ ಆಕ್ಸಿಜನ್ ಮಾಸ್ಕ್ ಮುಖದ ಮೇಲೆ. ಮತ್ತೆ ನಾನು ತಲೆಯ ಹಿಂದೆ ನಿಲ್ಲುತ್ತೇನೆ, ಎದುರಿಗೆ ಬಾಗಿ "ಕಣ್ಣು ಬಿಡಿ, ಕಣ್ಣು ಬಿಡಿ" ಅನ್ನುವುದಿಲ್ಲ. ಕಿವಿ ಹಿಂದಿನಿಂದಲೂ ಕೇಳುತ್ತದೆ.

ಹಲ್ಲು ಡಾಕ್ಟ್ರು ಬಿಜೈ · ಬೆಳಿಗ್ಗೆ 8.05

ನಮ್ಮನ್ನು ಪಟ್ಟಿಯಲ್ಲಿ ಉಳಿಸಿದ್ದಕ್ಕೆ ಧನ್ಯವಾದ ಸರ್. ನಮ್ಮಲ್ಲಿ ಹಾರುವುದು ಬಹುಪಾಲು ಡ್ರಿಲ್ಲಿನ ನೀರು. ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ), ಒಳ್ಳೆಯ ಸಕ್ಷನ್ ಇದ್ದರೆ ತುಂಬ ಕಡಿಮೆ ಆಗುತ್ತದೆ. ಆದರೆ ನನ್ನ ರೋಗಿ ಮಾಸ್ಕ್ ಇಲ್ಲದೆ ಬಾಯಿ ಬಿಟ್ಟು ಮುಕ್ಕಾಲು ಗಂಟೆ ಕೂತಿರುತ್ತಾನೆ, ನಡುನಡುವೆ ಮನೆ ಕಥೆ ಹೇಳುತ್ತಾನೆ. ನನಗೆ ಡ್ರಿಲ್ಲಿಗಿಂತ ಆ ಕಥೆಯದ್ದೇ ಹೆದರಿಕೆ.

ಗಾಳಿಪಟ ಉಡುಪಿ · ಬೆಳಿಗ್ಗೆ 8.30

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಒಂದು ಸಿಸೇರಿಯನ್ ಇತ್ತು, ಈಗ ಓದಿದೆ. ಅಂದಹಾಗೆ, ಆ ಅಕ್ರಿಲಿಕ್ ಪೆಟ್ಟಿಗೆ ಯಾರಿಗಾದರೂ ನೆನಪಿದೆಯಾ?

ಹಳೇ ಬಾಯ್ಲ್ · ಬೆಳಿಗ್ಗೆ 8.44

ಅಯ್ಯೋ, ನೆನಪಿಸಬೇಡಿ.

ತೈವಾನ್‌ನ ಅರಿವಳಿಕೆ ವೈದ್ಯರೊಬ್ಬರು 2020ರಲ್ಲಿ ಮಾಡಿದ್ದು ಅದು. ರೋಗಿಯ ತಲೆಯ ಮೇಲೆ ಪಾರದರ್ಶಕ ಪೆಟ್ಟಿಗೆ, ಕೈ ತೂರಿಸಲು ಎರಡು ತೂತು. ಯಾರು ಬೇಕಾದರೂ ಮಾಡಿಕೊಳ್ಳಿ ಅಂತ ಅಳತೆಯನ್ನೂ ಬಿಟ್ಟುಕೊಟ್ಟರು. ದೊಡ್ಡ ಮನಸ್ಸು. ನಮ್ಮೂರಲ್ಲಿ ಅಂಗಡಿ ಬೋರ್ಡ್ ಮಾಡುವವರು ಆ ಲಾಕ್‌ಡೌನ್‌ನಲ್ಲಿ ಇದನ್ನೇ ಮಾಡಿದರು. ನನ್ನ ಹತ್ತಿರವೂ ಒಂದು ಬಂತು, ದಾನಿಗಳ ಹೆಸರಿನ ಸಮೇತ.

ಕೈ ತೂರಿಸಿದರೆ ಮೊಣಕೈ ತಿರುಗುವುದಿಲ್ಲ. ಕತ್ತು ದಪ್ಪ ಇರುವ ರೋಗಿಯಾದರೆ ದೇವರೇ ಗತಿ. ತೂತಿನ ಅಂಚಿಗೆ ತಾಗಿ ಗೌನ್ ಹರಿಯುತ್ತದೆ. ಟ್ಯೂಬ್ ಹಾಕಲು ಸಮಯ ಜಾಸ್ತಿ ಹಿಡಿಯುತ್ತದೆ ಅಂತ ಆಸ್ಟ್ರೇಲಿಯಾದಲ್ಲಿ ಗೊಂಬೆಯ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಇನ್ನೊಂದು ಪ್ರಯೋಗದಲ್ಲಿ ಪೆಟ್ಟಿಗೆ ಇದ್ದಾಗ ಕೈತೂತಿನಿಂದ ಗಾಳಿ ನುಗ್ಗಿ ವೈದ್ಯನ ಮುಖಕ್ಕೇ ಜಾಸ್ತಿ ಕಣ ಬಂತು. 2020ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಗಾಳಿ ಹೀರುವ ವ್ಯವಸ್ಥೆ ಇಲ್ಲದ ಇಂಥ ಪೆಟ್ಟಿಗೆಗಳಿಗೆ ಕೊಟ್ಟ ತುರ್ತು ಅನುಮತಿಯನ್ನೇ ವಾಪಸ್ ತೆಗೆದುಕೊಂಡಿತು.

ನನ್ನದು ಈಗ ಮನೆಯಲ್ಲಿ ಆರ್ಕಿಡ್ ಗಿಡದ ಮೇಲೆ ಉಂಟು. ಗಿಡ ಚೆನ್ನಾಗಿದೆ.

ಕುಂದಾಪ್ರದ ಮಗ · ಬೆಳಿಗ್ಗೆ 9.20

ನಾನು ಡಾಕ್ಟ್ರಲ್ಲ, ಹೋಟೆಲ್ ಕೆಲಸ. ಕೇಳಬಹುದಾ? ಅಮ್ಮನಿಗೆ ಹೊಕ್ಕುಳ ಹತ್ತಿರ ಹರ್ನಿಯಾ, ಮುಂದಿನ ವಾರ ಆಪರೇಷನ್. ಅವರಿಗೆ ಒಂದು ತಿಂಗಳಿಂದ ಕೆಮ್ಮು. ಆಪರೇಷನ್ ಡಾಕ್ಟ್ರ ಹತ್ತಿರ ಹೇಳಿಲ್ಲ, ಹೇಳಿದರೆ ಮುಂದೆ ಹಾಕುತ್ತಾರೆ ಅಂತ ಅಮ್ಮನಿಗೆ ಹೆದರಿಕೆ. ಇದನ್ನೆಲ್ಲ ಓದಿದ ಮೇಲೆ ನನಗೆ ಮಂಡೆ ಬಿಸಿ ಆಯಿತು.

ಗಾಳಿಪಟ ಉಡುಪಿ · ಬೆಳಿಗ್ಗೆ 9.31

ಕೇಳಿದ್ದು ತುಂಬ ಒಳ್ಳೆಯದಾಯಿತು. ಇವತ್ತೇ ಡಾಕ್ಟ್ರಿಗೆ ಫೋನ್ ಮಾಡಿ ಹೇಳಿ.

ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ ನಮ್ಮ ದೇಶದಲ್ಲಿ ಕಫ ಪರೀಕ್ಷೆ ಮಾಡಿಸಲೇಬೇಕು. ಸರಕಾರಿ ಆಸ್ಪತ್ರೆಯಲ್ಲಿ ಹಣ ಇಲ್ಲ. ಲೋಕದ ಒಟ್ಟು ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇದ್ದಾರೆ. ಅಮ್ಮನಿಗೆ ಅದೇ ಅಂತ ನಾನು ಹೇಳುತ್ತಿಲ್ಲ. ಕೆಲವು ಬಿಪಿ ಮಾತ್ರೆಯಿಂದಲೂ ಕೆಮ್ಮು ಬರುತ್ತದೆ, ಅಸ್ತಮಾದಿಂದಲೂ ಬರುತ್ತದೆ. ನೋಡಿಸಿ ಅಂತ ಅಷ್ಟೇ. ಇನ್ನೊಂದು, ಕೆಮ್ಮು ಇರುವಾಗ ಹರ್ನಿಯಾ ಹೊಲಿದರೆ ಆ ಹೊಲಿಗೆ ಮೇಲೇ ಪ್ರತಿ ಕೆಮ್ಮಿಗೂ ಎಳೆತ. ತುರ್ತು ಅಲ್ಲದಿದ್ದರೆ ಮುಂದೆ ಹಾಕುವುದರಿಂದ ಅಮ್ಮನಿಗೇ ಲಾಭ. ಗಂಟು ಗಟ್ಟಿಯಾಗಿ ನೋವು, ವಾಂತಿ ಬಂದರೆ ಮಾತ್ರ ಕಾಯಬೇಡಿ, ಕೂಡಲೇ ಹೋಗಿ.

ನೈಟ್ ಡ್ಯೂಟಿ ಅಕ್ಕ · ಬೆಳಿಗ್ಗೆ 9.40

ಹೋಗುವಾಗ ಅಮ್ಮನಿಗೆ ಒಂದು ಸಾದಾ ಮಾಸ್ಕ್ ಹಾಕಿಸಿ ಮಗ. ಕೆಮ್ಮುವವರಿಗೆ ಸಾದಾ ಮಾಸ್ಕ್, ಎದುರಿಗೆ ಇರುವವರಿಗೆ ಎನ್95. ನಮ್ಮಲ್ಲಿ ಯಾವಾಗಲೂ ಉಲ್ಟಾ ಆಗುತ್ತದೆ.

ಕುಂದಾಪ್ರದ ಮಗ · ಬೆಳಿಗ್ಗೆ 10.15

ಹೇಳಿದೆ. ಡಾಕ್ಟ್ರು ಬೈಯಲಿಲ್ಲ. ನಾಳೆ ಎಕ್ಸ್‌ರೇ, ಕಫ ಎರಡೂ ಮಾಡಿಸುವುದು. ಥ್ಯಾಂಕ್ಸ್ ಎಲ್ಲರಿಗೂ.

ಡಕ್ಟ್ ಸುರತ್ಕಲ್ · ಬೆಳಿಗ್ಗೆ 11.00

ನಾನು ಏಸಿ ಇಂಜಿನಿಯರ್. ಆಸ್ಪತ್ರೆಗಳ ಓಟಿಗೆ ಏರ್ ಹ್ಯಾಂಡ್ಲಿಂಗ್ ಕೆಲಸ ಮಾಡಿದ್ದೇನೆ. ಎಲ್ಲರೂ ಮಾಸ್ಕ್ ಬಗ್ಗೆ ಮಾತಾಡಿದಿರಿ, ಕೋಣೆಯ ಬಗ್ಗೆ ಒಬ್ಬರೂ ಇಲ್ಲ!

ಓಟಿಯ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ ಅನ್ನುವುದು ಮುಖ್ಯ. ಸರಿಯಾಗಿ ಕಟ್ಟಿದ ಓಟಿಯಲ್ಲಿ 20 ಸಲ. ಅಷ್ಟು ಇದ್ದರೆ ಒಬ್ಬ ಕೆಮ್ಮಿ ಹಾರಿಸಿದ್ದರಲ್ಲಿ 99 ಶೇಕಡಾ ಹೋಗಲು 14 ನಿಮಿಷ. 12 ಸಲ ಆದರೆ 23 ನಿಮಿಷ. 6 ಆದರೆ 46. ಎರಡೇ ಸಲ ಆದರೆ 138 ನಿಮಿಷ, ಅಂದರೆ ಎರಡೂಕಾಲು ಗಂಟೆಗಿಂತ ಜಾಸ್ತಿ. ಅಷ್ಟರಲ್ಲಿ ನಿಮ್ಮ ಮುಂದಿನ ಕೇಸೂ ಮುಗಿದಿರುತ್ತದೆ.

ಇನ್ನು ಸಣ್ಣ ನರ್ಸಿಂಗ್ ಹೋಮ್ ಓಟಿಗಳಲ್ಲಿ ಏನಿರುತ್ತದೆ? ಗೋಡೆಗೆ ಸ್ಪ್ಲಿಟ್ ಏಸಿ. ಅದು ಹೊರಗಿನಿಂದ ಒಂದು ಲೋಟ ಗಾಳಿಯನ್ನೂ ತರುವುದಿಲ್ಲ. ಇದ್ದ ಗಾಳಿಯನ್ನೇ ತಂಪು ಮಾಡಿ ಸುತ್ತಿಸುತ್ತದೆ. ಒಳಗಿನ ಜಾಳಿಗೆ ಧೂಳು ಹಿಡಿಯುತ್ತದೆ, ಈ ಕಣ ಅಲ್ಲ. ಏಸಿ ತಂಪಾಗಿದೆ ಅಂದರೆ ಗಾಳಿ ಚೊಕ್ಕ ಇದೆ ಅಂತ ಜನ ತಿಳಿಯುತ್ತಾರೆ. ತಂಪಿಗೂ ಚೊಕ್ಕಕ್ಕೂ ಸಂಬಂಧವೇ ಇಲ್ಲ.

ಒಳ್ಳೆಯ ಓಟಿಯಲ್ಲೂ ಒಂದು ವಿಷಯ ಉಂಟು. ಗಾಯಕ್ಕೆ ಧೂಳು ಬರಬಾರದು ಅಂತ ಓಟಿಯೊಳಗೆ ಒತ್ತಡ ಜಾಸ್ತಿ ಇಡುತ್ತಾರೆ. ಬಾಗಿಲು ತೆರೆದರೆ ಗಾಳಿ ಒಳಗಿಂದ ಹೊರಗೆ ನುಗ್ಗುತ್ತದೆ. ಗಾಯಕ್ಕೆ ಒಳ್ಳೆಯದು, ಕಾರಿಡಾರಿನಲ್ಲಿ ನಿಂತವನಿಗೆ ಅಲ್ಲ.

ಹಳೇ ಬಾಯ್ಲ್ · ಬೆಳಿಗ್ಗೆ 11.20

ಇದೇ, ಇದೇ! ಅದಕ್ಕೇ ಟಿಬಿ ಕೇಸನ್ನು ದಿನದ ಕೊನೆಗೆ ಇಡುವುದು. ಕಾಯಬಹುದಾದ ಆಪರೇಷನ್ ಆದರೆ ಕಫ ನೆಗೆಟಿವ್ ಆಗುವವರೆಗೆ ಮುಟ್ಟುವುದೇ ಇಲ್ಲ. ತುರ್ತು ಆದರೆ ಟ್ಯೂಬ್ ಮತ್ತು ಸರ್ಕ್ಯೂಟ್ (ಯಂತ್ರದ ಗಾಳಿ ಕೊಳವೆ) ನಡುವೆ ಫಿಲ್ಟರ್, ಎಲ್ಲರಿಗೂ ಎನ್95, ಬಾಗಿಲು ಸುಮ್ಮಸುಮ್ಮನೆ ತೆರೆಯುವಂತಿಲ್ಲ. ಟ್ಯೂಬ್ ತೆಗೆದ ಮೇಲೂ ಅಲ್ಲೇ ಎಚ್ಚರ ಮಾಡಿಸಿ ನೇರ ಬೇರೆ ಕೋಣೆಗೆ. ನಾಲ್ಕು ಜನ ಮಲಗಿರುವ ರಿಕವರಿಗೆ ತಂದು ಬಿಡುವುದಲ್ಲ.

ನಮ್ಮ ಹಳೇ ಕಾಲದ ಆಸ್ಪತ್ರೆಗಳಲ್ಲಿ ಮಾಡು ಎತ್ತರ, ಕಿಟಕಿ ಆಳೆತ್ತರ. ಸೆಕೆಗೆ ಅಂತ ಕಟ್ಟಿದ್ದು, ಟಿಬಿಗೂ ಅದೇ ಮದ್ದಾಗಿತ್ತು. ನಾವು ಏಸಿ ಹಾಕುವ ಭರದಲ್ಲಿ ಕಿಟಕಿಗೆ ಪ್ಲೈವುಡ್ ಹೊಡೆದೆವು.

ಗಾಳಿಪಟ ಉಡುಪಿ · ಬೆಳಿಗ್ಗೆ 11.45

ಇಂಜಿನಿಯರ್ ಸಾಹೇಬ್ರೆ, ನಾನು ಹೋಗುವ ಆರು ಓಟಿಗಳಲ್ಲಿ ನಾಲ್ಕು ಸ್ಪ್ಲಿಟ್ ಏಸಿಯವೇ. ಗಾಳಿ ಎಲ್ಲಿಗೆ ಹೋಗುತ್ತದೆ ಅಂತ ದುಡ್ಡಿಲ್ಲದೆ ನೋಡುವ ದಾರಿ ಉಂಟಾ? ಕಾರ್ಬನ್ ಡೈಆಕ್ಸೈಡ್ ಮೀಟರ್ ಇಟ್ಟರೆ?

ಡಕ್ಟ್ ಸುರತ್ಕಲ್ · ಮಧ್ಯಾಹ್ನ 12.10

ಮೀಟರ್ ಒಳ್ಳೆಯದೇ, ಜನ ಬಿಟ್ಟ ಉಸಿರು ಎಷ್ಟು ಉಳಿದಿದೆ ಅಂತ ತೋರಿಸುತ್ತದೆ. ಪ್ಯಾಂಟ್ರಿ, ಓಪಿಡಿಗೆ ಇಡಿ. ಓಟಿಯಲ್ಲಿ ಲ್ಯಾಪ್ರೋಸ್ಕೋಪಿ ಮಾಡಿದರೆ ಹೊಟ್ಟೆಗೆ ತುಂಬಿದ ಅದೇ ಗ್ಯಾಸ್ ಹೊರಬಂದು ಮೀಟರ್ ಸುಳ್ಳು ಹೇಳುತ್ತದೆ.

ಗಾಳಿಯ ದಾರಿ ನೋಡಲು ಊದುಬತ್ತಿ ಸಾಕು. ಕೇಸು ಇಲ್ಲದ ದಿನ, ರೋಗಿ ಯಾರೂ ಇಲ್ಲದಾಗ. ಆಕ್ಸಿಜನ್, ಗ್ಯಾಸ್ ಎಲ್ಲ ಬಂದ್ ಮಾಡಿ, ಸ್ಪಿರಿಟ್ ಬಾಟಲಿ ಹೊರಗಿಟ್ಟು, ಸ್ಮೋಕ್ ಅಲಾರಂ ಇದ್ದರೆ ಮೊದಲೇ ಹೇಳಿ. ಬಾಗಿಲ ಸಂದಿಯಲ್ಲಿ ಹಿಡಿದು ಹೊಗೆ ಯಾವ ಕಡೆ ಎಳೆಯುತ್ತದೆ ನೋಡಿ.

ನೈಟ್ ಡ್ಯೂಟಿ ಅಕ್ಕ · ಮಧ್ಯಾಹ್ನ 12.14

ಓಟಿಯೊಳಗೆ ಊದುಬತ್ತಿಯಾ? ಆಯುಧ ಪೂಜೆ ಬಿಟ್ಟರೆ ಬೇರೆ ದಿನ ಹಚ್ಚಿದರೆ ನಮ್ಮ ಓಟಿ ಇನ್‌ಚಾರ್ಜ್ ಸಿಸ್ಟರ್ ಕೊಲ್ಲುತ್ತಾರೆ.

ಗಾಳಿಪಟ ಉಡುಪಿ · ಭಾನುವಾರ, ಸಂಜೆ 6.50

ಮಾಡಿ ಬಂದೆ.

ಮಾಲೀಕ ಡಾಕ್ಟ್ರು ಹಳೇ ಪರಿಚಯ, ಒಪ್ಪಿದರು. ಸಿಸ್ಟರ್‌ಗೆ ನಾಳೆ ಬೆಳಿಗ್ಗೆ ಓಟಿ ಪೂರ್ತಿ ತೊಳೆಸಿಕೊಡುತ್ತೇನೆ ಅಂತ ಮಾತು ಕೊಟ್ಟ ಮೇಲೆ ಬೀಗದ ಕೈ ಸಿಕ್ಕಿತು.

ಮೊದಲು ಓಟಿ ಒಳಗೆ, ರೋಗಿಯ ತಲೆ ಇರುವ ಕಡೆ ಹಿಡಿದೆ. ಹೊಗೆ ಮೇಲೆ ಏರಿ ಏಸಿ ಕಡೆ ಹೋಯಿತು, ಅಲ್ಲಿಂದ ಕೆಳಗೆ ಬಿದ್ದು ಟೇಬಲ್ ಸುತ್ತಿ ಮತ್ತೆ ಬಂತು. ಬತ್ತಿ ಹೊರಗೆ ಒಯ್ದು ವಾಚ್ ನೋಡಿಕೊಂಡು ನಿಂತೆ. ಅರ್ಧ ಗಂಟೆ ಆದರೂ ವಾಸನೆ ಇಳಿಯಲಿಲ್ಲ. ಆಮೇಲೆ ಬಾಗಿಲ ಹತ್ತಿರ. ಬಾಗಿಲು ಅರ್ಧ ತೆರೆದರೆ ಹೊಗೆ ಮೆಲ್ಲಗೆ ರಿಕವರಿ ಕಡೆಗೆ ನಡೆಯಿತು, ಕರೆದ ಹಾಗೆ. ರಿಕವರಿ ಅಂದರೆ ಎರಡು ಮಂಚ, ಒಂದು ಪರದೆ, ಸಿಸ್ಟರ್ ಮೇಜು. ಅಲ್ಲಿಗೆ ಬಂದ ಹೊಗೆ ಅಲ್ಲೇ ನಿಂತಿತು. ಹೋಗಲು ದಾರಿಯೇ ಇಲ್ಲ, ಕಿಟಕಿಗೆ ಪ್ಲೈವುಡ್. ಹೊಗೆ ಕೊನೆಗೆ ಸುತ್ತುತ್ತಾ ಇದ್ದದ್ದು ಎಲ್ಲಿ ಗೊತ್ತಾ? ಮೂಲೆಯ ಟೀ ಫ್ಲಾಸ್ಕ್ ಮೇಲೆ.

ಮಾಲೀಕ ಡಾಕ್ಟ್ರು ಐದು ನಿಮಿಷ ಮಾತಾಡಲಿಲ್ಲ. ಆಮೇಲೆ "ಆ ಸಿಸ್ಟರ್‌ಗೆ ವರ್ಷಕ್ಕೆ ನಾಲ್ಕು ಸಲ ಜ್ವರ ಬರುವುದು" ಅಂದರು.

ಸಕ್ಷನ್ ಆನ್ · ಸಂಜೆ 6.58

ನಮ್ಮದೇ ಓಟಿ ಅನ್ನಿಸುತ್ತದೆ ಡಾಕ್ಟ್ರೇ. ನಮ್ಮದಲ್ಲದಿದ್ದರೂ ನಮ್ಮದೇ.

ಎರಡನೇ ವರ್ಷದ ಪಿಜಿ · ಸಂಜೆ 7.10

ನಾನೂ ಇವತ್ತು ಎನ್95 ಫಿಟ್ ಟೆಸ್ಟ್ ಮಾಡಿಸಿಕೊಂಡೆ. ತಲೆಗೆ ಹುಡ್ ಹಾಕಿ ಒಳಗೆ ಸ್ಯಾಕರಿನ್ ಸಿಂಪಡಿಸುತ್ತಾರೆ. ಸಿಹಿ ಗೊತ್ತಾದರೆ ಫೇಲ್. ತಲೆ ಆಚೆ ಈಚೆ ತಿರುಗಿಸಿದ ಕೂಡಲೇ ಬಾಯೆಲ್ಲ ಸಿಹಿ. ಇಷ್ಟು ದಿನ ಹಾಕಿದ್ದು ನನ್ನ ಮುಖಕ್ಕೆ ಆಗದ ಮಾಡೆಲ್. ಟ್ಯೂಬ್ ಹಾಕುವಾಗ ಕನ್ನಡಕಕ್ಕೆ ಮಂಜು ಬರುತ್ತಿತ್ತು, ನಮ್ಮೂರ ಸೆಕೆ ಅಂತ ತಿಳಿದಿದ್ದೆ. ಗಡ್ಡವನ್ನೂ ತೆಗೆಯಬೇಕಂತೆ.

ಹಳೇ ಬಾಯ್ಲ್ · ಸಂಜೆ 7.15

ಮದುವೆಗೆ ಮೊದಲು ಬೆಳೆಸಿಕೊಳ್ಳಿ.

ಡಕ್ಟ್ ಸುರತ್ಕಲ್ · ಸಂಜೆ 7.40

ಗಾಳಿಪಟ ಡಾಕ್ಟ್ರೇ, ರಿಕವರಿಯಿಂದ ಶುರು ಮಾಡಿ. ಅಳತೆ ಎಷ್ಟು? 4 ಮೀಟರ್, 5 ಮೀಟರ್, ಎತ್ತರ 3 ಅಂದುಕೊಳ್ಳಿ, 60 ಘನ ಮೀಟರ್. ಗಂಟೆಗೆ 12 ಸಲ ಬದಲಾಗಬೇಕಾದರೆ 720 ಘನ ಮೀಟರ್ ಎಳೆಯುವ ಎಕ್ಸಾಸ್ಟ್ ಫ್ಯಾನ್ ಬೇಕು. ಡಬ್ಬದ ಮೇಲೆ ಬರೆದದ್ದಕ್ಕಿಂತ ನಿಜದಲ್ಲಿ ಕಡಿಮೆ ಎಳೆಯುತ್ತದೆ, ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ. ಹೊರಗೆ ಹೋಗುವ ಗಾಳಿಗೆ ಒಳಗೆ ಬರಲೂ ದಾರಿ ಬೇಕು. ಕಾರಿಡಾರ್ ಬಾಗಿಲಿನ ಕೆಳಗೆ ಜಾಲಿ ಕೊಡಿ, ಇಲ್ಲದಿದ್ದರೆ ಅದು ಓಟಿಯಿಂದಲೇ ಎಳೆಯುತ್ತದೆ.

ಓಟಿಗೆ ಮಾತ್ರ ಸುಮ್ನೆ ಎಕ್ಸಾಸ್ಟ್ ಹಾಕಬೇಡಿ. ಎಲ್ಲ ಸಂದಿಯಿಂದಲೂ ಧೂಳನ್ನು ಗಾಯಕ್ಕೆ ಎಳೆದು ತರುತ್ತದೆ. ಅದಕ್ಕೆ ಫಿಲ್ಟರ್ ಮಾಡಿದ ಹೊರಗಾಳಿ ಒಳಗೆ ತಳ್ಳುವ ವ್ಯವಸ್ಥೆಯೇ ಬೇಕು. ಖರ್ಚು ಉಂಟು, ಬೇರೆ ಮಾತಾಡುವ.

ಗಾಳಿಪಟ ಉಡುಪಿ · ರಾತ್ರಿ 8.05

ಫ್ಯಾನಿಗೆ ಡಾಕ್ಟ್ರು ಒಪ್ಪಿದರು. ಪಡು ಗೋಡೆಯ ಕಿಟಕಿಯ ಪ್ಲೈವುಡ್ ಬಿಚ್ಚಿ ಅಲ್ಲೇ ಕೂರಿಸುವ ಅಂತ. ಒಂದೇ ಪ್ರಶ್ನೆ, ಮಳೆಗಾಲದಲ್ಲಿ ನೀರು ಹೊಡೆಯುವುದಿಲ್ಲವಾ?

ಡಕ್ಟ್ ಸುರತ್ಕಲ್ · ರಾತ್ರಿ 8.12

ಪಡು ಗೋಡೆ ಬೇಡವೇ ಬೇಡ. ಆಟಿ ತಿಂಗಳಲ್ಲಿ ಸಮುದ್ರದ ಕಡೆಯ ಗಾಳಿ ಫ್ಯಾನನ್ನೇ ಹಿಂದಕ್ಕೆ ತಳ್ಳುತ್ತದೆ, ನೀರೂ ಬರುತ್ತದೆ. ಮೂಡು ಗೋಡೆಗೆ ಹಾಕಿ. ಮುಚ್ಚಿಕೊಳ್ಳುವ ರೆಕ್ಕೆ ಇರುವುದು ತೆಗೆದುಕೊಳ್ಳಿ, ಸೊಳ್ಳೆಗೆ ಜಾಳಿಗೆ. ಆಚೆ ಕಡೆ ಜನ ಕೂರುವ ಬೆಂಚು, ಕ್ಯಾಂಟೀನ್ ಏನಾದರೂ ಉಂಟಾ?

ಗಾಳಿಪಟ ಉಡುಪಿ · ರಾತ್ರಿ 8.15

ಇಲ್ಲ. ಡಾಕ್ಟ್ರು ಕಾರು ನಿಲ್ಲಿಸುವ ಜಾಗ.

ನೈಟ್ ಡ್ಯೂಟಿ ಅಕ್ಕ · ರಾತ್ರಿ 8.16

ಫ್ಲಾಸ್ಕ್ ಎಲ್ಲಿಟ್ಟಿರಿ?

ಗಾಳಿಪಟ ಉಡುಪಿ · ರಾತ್ರಿ 8.20

ಮೆಟ್ಟಿಲ ಹತ್ತಿರ, ಹೊರಗೆ. ಅಲ್ಲಿ ಕಾಗೆ ಕಾಟ ಅಂತ ಸಿಸ್ಟರ್ ಈಗಲೇ ಫೋನ್ ಮಾಡಿದರು.